ಏಣಿ ಒದ್ದವರು ಯಾರು?

ಮೇ ತಿಂಗಳ 12ನೆಯ ತಾರೀಕು ಲೋಕವೆಲ್ಲ ದಾದಿಯರ ದಿನವನ್ನು ಆಚರಿಸುತ್ತದೆ. ನಮ್ಮ ಸಂಘವೂ ಹಿಂದೆ ಬೀಳಲಿಲ್ಲ. ನಗರದ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮವರೇ ಆದ ನಾಲ್ವರು ಹೆಣ್ಣುಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು, ಬಾಯ್ತುಂಬ ಹೊಗಳಿದೆವು. ಚಪ್ಪಾಳೆ ಆಯಿತು, ಫೋಟೋ ಆಯಿತು, ಆಮೇಲೆ ಕೇಸರಿಬಾತು, ಕಾಫಿ. ಆ ಕಾಫಿಯ ಹೊತ್ತಿನಲ್ಲಿ ಹಿರಿಯ ಸದಸ್ಯರೊಬ್ಬರು, ಆ ನಾಲ್ವರಲ್ಲಿ ಒಬ್ಬಳು ಸೌದಿ ಅರೇಬಿಯಕ್ಕೆ ಹೊರಟಿದ್ದಾಳೆಂಬ ಸುದ್ದಿ ತಿಳಿದು, ಎಲ್ಲರಿಗೂ ಕೇಳುವಂತೆ ಹೇಳಿದರು: "ಇದೇ ನೋಡಿ ಇವರ ಹಣೇಬರಹ! ಇಲ್ಲಿ ಎರಡು ವರ್ಷ ಕಲಿಯೋದು, ಕೈ ಪಳಗಿದ ಮೇಲೆ ಹತ್ತಿದ ಏಣೀನ ಒದ್ದು ಹೊರಟುಬಿಡೋದು. ಸೇವೆಯಂತೆ ಸೇವೆ!"

ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆ ಹುಡುಗಿ ನನ್ನ ಅಕ್ಕನ ಮಗಳು.

ಅಂದು ನನ್ನ ಬಾಯಿಗೆ ಬಾರದ ಉತ್ತರವನ್ನು ಸಂಪಾದಕರ ಅನುಮತಿ ಪಡೆದು ಇಂದು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಬರಹದ ಆರಂಭದಲ್ಲಿ "ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ" ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯಲಾರೆ. ಸ್ವಲ್ಪ ನೋಯಲಿ ಎಂದೇ ಬರೆಯುತ್ತಿದ್ದೇನೆ. ಮೊದಲು ನೋಯಬೇಕಾದವನು ನಾನೇ ಎಂಬುದು ಕೊನೆಯ ಹೊತ್ತಿಗೆ ಓದುಗರಿಗೆ ತಿಳಿಯುತ್ತದೆ.

ಮೊದಲ ಪ್ರಶ್ನೆ: ಈ ಪತ್ರಿಕೆಯನ್ನು ಓದುವ ನಾವು ಯಾರು? ಟಿ. ನಗರದಲ್ಲಿ, ಪಶ್ಚಿಮ ಮಾಂಬಲದಲ್ಲಿ, ಕೋಡಂಬಾಕ್ಕದಲ್ಲಿ ಬಾಡಿಗೆಗೋ ಸ್ವಂತಕ್ಕೋ ಮನೆ ಮಾಡಿಕೊಂಡಿರುವ ಕನ್ನಡ ಕುಟುಂಬಗಳು. ನಮ್ಮಲ್ಲಿ ಬ್ಯಾಂಕಿನವರಿದ್ದಾರೆ, ರೈಲ್ವೆಯವರಿದ್ದಾರೆ, ಹೋಟೆಲಿನವರಿದ್ದಾರೆ, ನನ್ನಂಥ ಕೇಂದ್ರ ಸರ್ಕಾರದ ಗುಮಾಸ್ತರಿದ್ದಾರೆ. ನಾವಲ್ಲದಿದ್ದರೆ ನಮ್ಮ ತಂದೆ, ಅವರಲ್ಲದಿದ್ದರೆ ಅಜ್ಜ, ಯಾರೋ ಒಬ್ಬರು ಊರು ಬಿಟ್ಟು ಬಂದವರೇ. ನಾವು ನಿಂತಿರುವ ಈ ನೆಲವಾದರೂ ಏನು? 1920ರ ದಶಕದಲ್ಲಿ ಮಾಂಬಲದ ಕೆರೆಯನ್ನು ಬರಿದು ಮಾಡಿ ಎಬ್ಬಿಸಿದ ಬಡಾವಣೆ. ಇಲ್ಲಿ ಮೂಲನಿವಾಸಿ ಎಂದು ಹೇಳಿಕೊಳ್ಳುವ ಹಕ್ಕು ಆ ಕೆರೆಯ ಮೀನುಗಳಿಗೆ ಮಾತ್ರ ಇತ್ತು.

ಈ ನಗರದ ಕನ್ನಡಿಗರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರು ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕೆ. ಕೃಷ್ಣರಾಯರದು. ಉಡುಪಿಯ ಕಡೆಯಿಂದ ಬಡ ಹುಡುಗನಾಗಿ ಬಂದು, ಬೇರೆಯವರ ಅಡಿಗೆಮನೆಯಲ್ಲಿ ದುಡಿದು ಕೆಲಸ ಕಲಿತು, ಕೈ ಪಳಗಿದ ಮೇಲೆ ತಮ್ಮದೇ ಹೋಟೆಲು ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಕೆಲಸ ಕಲಿಸಿದ ಅಡಿಗೆಮನೆಯ ಏಣಿಯನ್ನು ಅವರು ಒದ್ದರೆಂದು ನಮ್ಮಲ್ಲಿ ಯಾರಾದರೂ ಆಡಿದ್ದುಂಟೇ? ಇಲ್ಲ. ಅದನ್ನು ಸಾಹಸವೆಂದು ಕರೆದೆವು. ಸರಿಯಾಗಿಯೇ ಕರೆದೆವು.

ಅಷ್ಟು ದೊಡ್ಡವರ ಮಾತು ಬೇಡ, ನನ್ನ ಮಾತನ್ನೇ ಹೇಳುತ್ತೇನೆ. 2001ರಲ್ಲಿ ಬಿ.ಎಸ್ಸಿ. ಮುಗಿಸಿ ಅರಸೀಕೆರೆಯ ಕಡೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಮೂರು ವರ್ಷ ವಿಜ್ಞಾನದ ಮೇಷ್ಟರಾಗಿದ್ದೆ. ಸಂಬಳ ತಿಂಗಳಿಗೆ 1,800 ರೂಪಾಯಿ. ಪಾಠ ಮಾಡುವುದನ್ನು ಆ ಮಕ್ಕಳ ಮೇಲೆಯೇ ಪ್ರಯೋಗ ಮಾಡಿ ಕಲಿತೆ. ಅಷ್ಟರಲ್ಲಿ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆ ಪಾಸಾಗಿ ಚೆನ್ನೈಗೆ ಆದೇಶ ಬಂತು. ಜೂನ್ ತಿಂಗಳು, ಶಾಲೆ ತೆರೆದು ಹತ್ತು ದಿನವಾಗಿತ್ತು, ಹತ್ತನೆಯ ತರಗತಿಗೆ ಬೇರೆ ವಿಜ್ಞಾನದ ಮೇಷ್ಟರಿರಲಿಲ್ಲ. ಆದರೂ ಮುಖ್ಯೋಪಾಧ್ಯಾಯರು ನನಗೆ ಹಾರ ಹಾಕಿದರು. ಕೇಳದೆಯೇ ಅನುಭವದ ಪ್ರಮಾಣಪತ್ರ ಬರೆದುಕೊಟ್ಟರು. ಹುಡುಗರು ಬಸ್ ಸ್ಟ್ಯಾಂಡಿನವರೆಗೆ ಬಂದರು. ಊರಿನ ನಾಲ್ಕು ಜನ "ಸೆಂಟ್ರಲ್ ಗೌರ್ಮೆಂಟ್ ಅಂದ್ರೆ ಸುಮ್ನೇನಾ" ಎಂದರು. ಆ ಹತ್ತನೆಯ ತರಗತಿಯ ಗತಿ ಏನಾಯಿತೆಂದು ನಾನು ಇಂದಿನವರೆಗೂ ವಿಚಾರಿಸಿಲ್ಲ.

ಗಂಡಸು ಹೋದರೆ ಅದು "ಮುಂದೆ ಬರುವುದು". ಹೆಣ್ಣುಮಗಳು, ಅದರಲ್ಲೂ ನರ್ಸು, ಹೋದರೆ ಅದು "ಓಡಿಹೋಗುವುದು". ನಮ್ಮ ನಿಘಂಟಿನಲ್ಲಿ ಒಂದೇ ಕ್ರಿಯೆಗೆ ಎರಡು ಅರ್ಥ.

ಇನ್ನು ಅಕ್ಕನ ಮಗಳ ವಿಷಯ. ಭಾವನವರಿಗೆ ಎರಡೂವರೆ ಎಕರೆ ತೆಂಗಿನ ತೋಟ, ಅದರ ಮೇಲೆ ಸಾಲ. ಮಗಳು ಹಾಸನದ ಕಡೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿದಳು. ಅದಕ್ಕೆ ಬ್ಯಾಂಕಿನಲ್ಲಿ ನಾಲ್ಕು ಲಕ್ಷದ ಸಾಲ. ಅವಳ ತರಗತಿಯಲ್ಲಿ ಕೇರಳದ ಹುಡುಗಿಯರೇ ಹೆಚ್ಚು. ಮೊದಲನೆಯ ವರ್ಷದಿಂದಲೇ ಅವರಿಗೆ ತಮ್ಮ ದಾರಿ ಗೊತ್ತಿತ್ತು: ಓದು, ಎರಡು ವರ್ಷ ದೊಡ್ಡ ಆಸ್ಪತ್ರೆಯ ವಾರ್ಡು, ಆಮೇಲೆ ಹೊರದೇಶ. ನಮ್ಮ ನೆಲದ ಕಾಲೇಜುಗಳು ಹಾಸಿದ ದಾರಿಯಲ್ಲಿ ಅವರು ನಡೆದು ಹೋಗುತ್ತಾರೆ. ನಾವು ದಾರಿಯ ಪಕ್ಕದಲ್ಲಿ ನಿಂತು ಅವರ ನಡತೆಯನ್ನು ಚರ್ಚಿಸುತ್ತೇವೆ.

ಓದು ಮುಗಿದ ಮೇಲೆ ಅವಳು ಇಲ್ಲಿಗೆ ಬಂದಳು. ಇಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಉಳಿಯಲು ಸೋದರಮಾವನ ಮನೆಯಿದೆ ಎಂಬುದು ಅಕ್ಕನ ಲೆಕ್ಕ. ನಗರವೂ ಅಂಥದೇ. ಈ ದೇಶದಲ್ಲಿ ದಾದಿಯರ ತರಬೇತಿ ಶಾಲೆ ಮೊಟ್ಟಮೊದಲು, 1871ರಲ್ಲಿ, ಆರಂಭವಾದದ್ದು ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ. ನರ್ಸಿಂಗ್ ಪದವಿ ಶಿಕ್ಷಣ 1946ರಲ್ಲಿ ದೆಹಲಿಯಲ್ಲೂ ಇಲ್ಲಿಗೆ ಸಮೀಪದ ವೆಲ್ಲೂರಿನಲ್ಲೂ ಮೊದಲಾಯಿತು. ಕರ್ನಾಟಕದ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ತಮಿಳುನಾಡಿನದಕ್ಕೆ ವರ್ಗಾಯಿಸಿಕೊಳ್ಳುವ ಕಾಗದಪತ್ರ ಮುಗಿಸಿ, ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಳು. ಸಂಬಳ 16,000 ರೂಪಾಯಿ. ಬ್ಯಾಂಕಿನ ಕಂತು ಹೋಗಿ, ಮನೆಗೆ ನಾಲ್ಕು ಸಾವಿರ ಕಳಿಸಿ, ಕೈಯಲ್ಲಿ ಉಳಿಯುತ್ತಿದ್ದದ್ದು ಬಸ್ಸಿನ ಖರ್ಚಿಗೆ ಸರಿ.

ಆ ಎರಡು ವರ್ಷದಲ್ಲಿ ಅವಳು ಕಲಿತದ್ದೇನು ಎಂಬುದನ್ನು ಏಣಿಯ ಮಾತಾಡಿದವರು ತಿಳಿಯಬೇಕು. ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಶುಶ್ರೂಷಾ ಪರಿಷತ್ತಿನ ಮಾನದಂಡ. ಇವಳು ರಾತ್ರಿ ಪಾಳಿಯಲ್ಲಿ ಮೂವರನ್ನು ನೋಡಿಕೊಳ್ಳುತ್ತಿದ್ದಳು. ವೆಂಟಿಲೇಟರಿನ ಯಾವ ಸದ್ದಿಗೆ ಓಡಬೇಕು, ಯಾವುದಕ್ಕೆ ನಡೆದರೆ ಸಾಕು. ಮೂತ್ರದ ಚೀಲದಲ್ಲಿ ಗಂಟೆಗೆ ಎಷ್ಟು ಇಳಿದರೆ ಡಾಕ್ಟರನ್ನು ಎಬ್ಬಿಸಬೇಕು. ಒಂದೇ ಬಣ್ಣದ ಎರಡು ಔಷಧಿ ಸೀಸೆಗಳಲ್ಲಿ ಕೈ ತಪ್ಪದಂತೆ ಹೇಗೆ ಎರಡು ಸಲ ಓದಬೇಕು. ಸತ್ತವರ ಮಗನಿಗೆ ವಿಷಯವನ್ನು ಯಾವ ಮಾತಿನಿಂದ ಶುರು ಮಾಡಬೇಕು. ಇವೆಲ್ಲ ಪುಸ್ತಕದಲ್ಲಿ ಇದ್ದರೂ ಪುಸ್ತಕದಿಂದ ಬರುವುದಿಲ್ಲ. "ಎಂಗೆ ವಲಿಕ್ಕುದು?" ಎಂದು ಕೇಳುವ ತಮಿಳನ್ನೂ ಅವಳು ಕಲಿತದ್ದು ಹಾಸಿಗೆಗಳ ನಡುವೆಯೇ. ಮುಂಜಾನೆ ಡ್ಯೂಟಿ ಮುಗಿಸಿ ಪಾಂಡಿ ಬಜಾರಿನ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ಮನೆಗೆ ಬಂದು, ಊಟವನ್ನೂ ಮಾಡದೆ ನಿದ್ದೆ ಹೋಗುತ್ತಿದ್ದಳು.

ಈ ಕಲಿಕೆಗೆ ಅವಳು ಬೆಲೆ ಕೊಟ್ಟಿಲ್ಲವೇ? ಪಡೆದ ಸಂಬಳಕ್ಕಿಂತ ಹೆಚ್ಚಿನ ದುಡಿಮೆಯನ್ನು ಕೊಟ್ಟು ಕಲಿತ ವಿದ್ಯೆ ಅದು. ಯಾರೋ ದಾನ ಮಾಡಿದ್ದಲ್ಲ. ಅಕ್ಕಸಾಲಿಗನಿಗೆ ಅವನ ಚಿಮಟ ಹೇಗೋ ನರ್ಸಿಗೆ ಮೊದಲ ಎರಡು ಮೂರು ವರ್ಷದ ವಾರ್ಡಿನ ಅನುಭವ ಹಾಗೆ. ಅದನ್ನು ಎಲ್ಲಿ ಬೇಕಾದರೂ ಕೊಂಡೊಯ್ಯುವ ಹಕ್ಕು ಅವಳದು.

ಆದರೆ ಕೊಂಡೊಯ್ಯಲು ಬಿಡುವವರು ಯಾರು? ಕೆಲಸಕ್ಕೆ ಸೇರುವಾಗ ಆಸ್ಪತ್ರೆಯವರು ಛಾಪಾ ಕಾಗದದ ಮೇಲೆ ಎರಡು ವರ್ಷದ ಬಾಂಡ್ ಬರೆಸಿಕೊಂಡು, ಪದವಿಪತ್ರ, ಅಂಕಪಟ್ಟಿ, ನೋಂದಣಿ ಪತ್ರ ಎಲ್ಲದರ ಮೂಲಪ್ರತಿಗಳನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡಿದ್ದರು. ಆಸ್ಪತ್ರೆಯ ಹೆಸರು ಬೇಡ. ಒಂದು ಆಸ್ಪತ್ರೆಯ ಕಥೆಯಾಗಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ. ಎರಡು ವರ್ಷ ಮುಗಿದು ಮೂರು ತಿಂಗಳಾದ ಮೇಲೆ ಅವಳು ರಾಜೀನಾಮೆ ಕೊಟ್ಟು ಪತ್ರಗಳನ್ನು ಕೇಳಿದಳು. "ಬದಲಿ ಹುಡುಗಿ ಬರಲಿ" ಎಂದರು. ಬದಲಿ ಬಂದ ಮೇಲೆ "ಮ್ಯಾನೇಜರು ರಜೆ" ಎಂದರು. ಆಮೇಲೆ "ಅನುಭವದ ಪತ್ರಕ್ಕೆ ಸಹಿ ಆಗಬೇಕು" ಎಂದರು. ಐದು ಸಲ ಅಲೆದಳು.

ಓದುಗರಿಗೆ ಇದರ ಗಂಭೀರತೆ ತಿಳಿಯಲೆಂದು ಒಂದು ವಿವರ ಹೇಳುತ್ತೇನೆ. ಗಲ್ಫ್ ದೇಶಗಳ ಆಸ್ಪತ್ರೆಗಳಿಗೆ ಹೋಗುವ ನರ್ಸುಗಳು ಪ್ರಾಮೆಟ್ರಿಕ್ ಎಂಬ ಪರೀಕ್ಷೆ ಪಾಸಾಗಬೇಕು. ಅದರ ಜೊತೆಗೆ ಡೇಟಾಫ್ಲೋ ಎಂಬ ತಪಾಸಣೆ. ಕಾಲೇಜು, ಪರಿಷತ್ತು, ಕೆಲಸ ಮಾಡಿದ ಆಸ್ಪತ್ರೆ, ಹೀಗೆ ಪ್ರಮಾಣಪತ್ರ ಕೊಟ್ಟವರನ್ನೇ ನೇರವಾಗಿ ಕೇಳಿ, ಪತ್ರ ನಿಜವೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಹಳೆಯ ಆಸ್ಪತ್ರೆ ಅನುಭವದ ಪತ್ರ ಕೊಡದಿದ್ದರೆ, ಕೊಟ್ಟ ಮೇಲೂ ತಪಾಸಣೆಗೆ ಉತ್ತರಿಸದಿದ್ದರೆ, ಆ ಎರಡು ವರ್ಷ ನಡೆದೇ ಇಲ್ಲವೆಂದು ಲೆಕ್ಕ. ಎರಡು ವರ್ಷದ ರಾತ್ರಿಗಳೆಲ್ಲ ಒಂದು ಸಹಿ ಇಲ್ಲದೆ ಅಳಿಸಿಹೋಗುತ್ತವೆ.

ಬಾಂಡ್ ಪದ್ಧತಿ ಕೂಡದು, ಮೂಲಪ್ರತಿಗಳನ್ನು ಇಟ್ಟುಕೊಳ್ಳಬಾರದು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ಹತ್ತು ವರ್ಷಕ್ಕೂ ಹಿಂದೆಯೇ ಹೇಳಿದೆ. 1872ರ ಕರಾರು ಕಾಯಿದೆಯ 27ನೆಯ ಕಲಮು, ಒಬ್ಬನ ನ್ಯಾಯವಾದ ವೃತ್ತಿಯನ್ನು ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ತರಬೇತಿಗೆಂದು ನಿಜವಾಗಿ ಹಣ ಸುರಿದ ಸಂಸ್ಥೆ, ನಡುವೆ ಬಿಟ್ಟು ಹೋದವರಿಂದ ನ್ಯಾಯವಾದ ಮೊತ್ತ ಕೇಳಿದರೆ ಅದು ಬೇರೆ ಮಾತು. ಒಬ್ಬಳ ಪದವಿಪತ್ರವನ್ನು ಒತ್ತೆ ಇಟ್ಟುಕೊಳ್ಳುವುದಕ್ಕೆ ಯಾವ ಕಾಯಿದೆಯ ಆಧಾರವಿದೆ?

ಇಲ್ಲಿ ನನ್ನ ಗುಮಾಸ್ತಗಿರಿ ಮೊದಲ ಬಾರಿಗೆ ಮನೆಯವರ ಉಪಯೋಗಕ್ಕೆ ಬಂತು. ವಿಷಯ, ಉಲ್ಲೇಖ, ಲಗತ್ತುಗಳು ಎಂದು ಕ್ರಮವಾಗಿ ಪತ್ರ ಬರೆದು, ಪರಿಷತ್ತಿಗೆ ಪ್ರತಿ ಎಂದು ಕೆಳಗೆ ನಮೂದಿಸಿ, ಖುದ್ದಾಗಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಹನ್ನೊಂದನೆಯ ದಿನ ಎಲ್ಲ ಪತ್ರಗಳೂ ಕೈಸೇರಿದವು. ಒಂದು ಮೊಹರಿಗೆ ಇಷ್ಟು ಶಕ್ತಿ ಇರುವಾಗ, ಪತ್ರ ಬರೆಯಬಲ್ಲ ಮಾವ ಇಲ್ಲದ ಹುಡುಗಿಯರ ಗತಿ ಏನೆಂದು ಅಂದು ರಾತ್ರಿ ಯೋಚಿಸಿದೆ.

ಕೇಂದ್ರ ಸರ್ಕಾರದ ನೌಕರ ಬಂಧುಗಳೇ, ಇದನ್ನು ನಮ್ಮ ಸ್ಥಿತಿಯೊಂದಿಗೆ ಹೋಲಿಸಿ ನೋಡಿ. ನಾವು ಇನ್ನೊಂದು ಇಲಾಖೆಗೆ ಹೋಗಬೇಕೆಂದರೆ ಸರಿಯಾದ ಮಾರ್ಗದಲ್ಲಿ ಅರ್ಜಿ ಹಾಕುತ್ತೇವೆ. "ತಾಂತ್ರಿಕ ರಾಜೀನಾಮೆ" ಎಂಬ ಮುದ್ದಾದ ಹೆಸರಿನಲ್ಲಿ ಹೊರಟರೆ ಹಳೆಯ ಹುದ್ದೆಯ ಮೇಲೆ ಎರಡು ವರ್ಷ ಲೀನ್ ಉಳಿಯುತ್ತದೆ. ಹೊಸ ಜಾಗ ಹಿಡಿಸದಿದ್ದರೆ ವಾಪಸು ಬರಬಹುದು. ಹಿಂದಿನ ಸೇವೆ ಲೆಕ್ಕಕ್ಕೆ ಸೇರುತ್ತದೆ. ವರ್ಗವಾದರೆ ಸಾಮಾನು ಸಾಗಿಸುವ ಖರ್ಚನ್ನೂ ಸರ್ಕಾರ ಕೊಡುತ್ತದೆ. ಇಷ್ಟೆಲ್ಲ ಮೆತ್ತೆಯ ಮೇಲೆ ಕುಳಿತು ನಾವು, ಒಂದು ಸೂಟ್‌ಕೇಸು ಹಿಡಿದು ಹೊರಟ ಇಪ್ಪತ್ತೈದರ ಹುಡುಗಿಗೆ ನಿಷ್ಠೆಯ ಪಾಠ ಹೇಳುತ್ತೇವೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

"ಇಲ್ಲೇ ಸರ್ಕಾರಿ ಕೆಲಸಕ್ಕೆ ಪ್ರಯತ್ನಿಸಬಹುದಲ್ಲ?" ಎಂಬುದು ಮುಂದಿನ ಉಪದೇಶ. ಪ್ರಯತ್ನಿಸದೆ ಬಿಟ್ಟಿಲ್ಲ. ಕೇಂದ್ರದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆ ಏಳನೆಯ ವೇತನ ಆಯೋಗದ ಪ್ರಕಾರ 7ನೆಯ ಮಟ್ಟದ್ದು, ಆರಂಭದ ಮೂಲವೇತನ 44,900 ರೂಪಾಯಿ. ಹಿರಿಯ ಗುಮಾಸ್ತನ ಹುದ್ದೆ 4ನೆಯ ಮಟ್ಟದ್ದು, ಆರಂಭ 25,500. ಎಂದರೆ ಸರ್ಕಾರದ ಲೆಕ್ಕದಲ್ಲಿ ಅವಳ ವಿದ್ಯೆ ನನ್ನ ಹುದ್ದೆಗಿಂತ ಮೂರು ಮೆಟ್ಟಿಲು ಮೇಲೆ. ನಮ್ಮ ಸಂಘದ ಲೆಕ್ಕದಲ್ಲಿ ಮಾತ್ರ ನಾನು "ಸೆಂಟ್ರಲ್ ಗೌರ್ಮೆಂಟ್", ಅವಳು "ಬರೀ ನರ್ಸು". ಆದರೆ ಆ ಹುದ್ದೆಗಳು ಎಷ್ಟು, ಬರೆಯುವವರು ಎಷ್ಟು? ಏಮ್ಸ್ ಸಂಸ್ಥೆಗಳಿಗಾಗಿ ನಡೆಸುವ ನಾರ್ಸೆಟ್ ಪರೀಕ್ಷೆಯನ್ನು ಅವಳು ಎರಡು ಸಲ ಬರೆದಳು. ಆಗಲಿಲ್ಲ.

ರಾಜ್ಯದ ಮಾತೂ ನಮ್ಮ ಕಣ್ಣೆದುರಿಗೇ ಇದೆ. ತಮಿಳುನಾಡಿನಲ್ಲಿ 2015ರಲ್ಲಿ ಪರೀಕ್ಷೆ ನಡೆಸಿ ತಿಂಗಳಿಗೆ 7,700 ರೂಪಾಯಿಯ ಒಟ್ಟು ವೇತನಕ್ಕೆ ಸಾವಿರಾರು ನರ್ಸುಗಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರು. ಖಾಯಂ ಮಾಡುವ ಮಾತು ನಡೆಯದಿದ್ದಾಗ ಅವರು 2017ರ ನವೆಂಬರಿನಲ್ಲಿ ತೇನಾಂಪೇಟೆಯ ವೈದ್ಯಕೀಯ ನಿರ್ದೇಶನಾಲಯದ ಆವರಣದಲ್ಲಿ ಧರಣಿ ಕುಳಿತರು. ನಮ್ಮ ಪಾನಗಲ್ ಪಾರ್ಕಿನಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ನಾವು ಯಾರೂ ಹೋಗಿ ನೋಡಲಿಲ್ಲ. ಕೊರೋನಾ ಕಾಲದಲ್ಲಿ ತುರ್ತಾಗಿ ಸೇರಿಸಿಕೊಂಡ 2,000ಕ್ಕೂ ಹೆಚ್ಚು ನರ್ಸುಗಳ ಗುತ್ತಿಗೆಯನ್ನು 2022ರ ಡಿಸೆಂಬರ್ 31ಕ್ಕೆ ಮುಗಿಸಿದರು. 2020ರ ಮಾರ್ಚ್ 22ರ ಸಂಜೆ ಐದಕ್ಕೆ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದದ್ದು ಇಂಥವರಿಗಾಗಿಯೇ. ತಟ್ಟೆಯ ಸದ್ದಿನಿಂದ ಬ್ಯಾಂಕಿನ ಕಂತು ತೀರುವುದಿಲ್ಲ.

ಖಾಸಗಿ ಆಸ್ಪತ್ರೆಗಳ ಸಂಬಳದ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ನ್ಯಾಯಾಲಯ 2016ರ ಜನವರಿಯಲ್ಲಿ ಆಡಿದ ಮಾತಿನ ಮೇರೆಗೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. 200ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರದ ನರ್ಸುಗಳಿಗೆ ಸಮನಾದ ಸಂಬಳ. 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರಿಂದ 100 ಇದ್ದರೆ ಶೇ. 25ಕ್ಕಿಂತ, ಅದಕ್ಕೂ ಚಿಕ್ಕದಾದರೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ಇದು ಸಮಿತಿ ಹೇಳಿದ್ದು. ಅತಿ ಚಿಕ್ಕ ಆಸ್ಪತ್ರೆಗೆ 2016ರಲ್ಲಿ ಹೇಳಿದ ಮೊತ್ತ, ದೊಡ್ಡ ಆಸ್ಪತ್ರೆಯಲ್ಲಿ ದುಡಿದ ನಮ್ಮ ಹುಡುಗಿಗೆ ಎರಡು ವರ್ಷದ ಮೇಲೂ ಸಿಕ್ಕಿರಲಿಲ್ಲ. ಈಗ ಹೇಳಿ, ಏಣಿಯನ್ನು ಒದ್ದವರು ಯಾರು? ಅಥವಾ, ಅಲ್ಲಿ ಏಣಿ ಎಂಬುದಾದರೂ ಇತ್ತೇ?

"ದೇಶದಲ್ಲೇ ನರ್ಸುಗಳ ಕೊರತೆಯಿರುವಾಗ ಹೊರಗೆ ಹೋಗುವುದು ಸರಿಯೇ?" ಇದು ಸುಶಿಕ್ಷಿತರ ಆಕ್ಷೇಪಣೆ, ಗೌರವದಿಂದಲೇ ಉತ್ತರಿಸಬೇಕು. ಕೊರತೆ ನಿಜ. ಸಾವಿರ ಜನಕ್ಕೆ ಮೂವರು ನರ್ಸುಗಳಾದರೂ ಇರಬೇಕೆನ್ನುವ ಲೆಕ್ಕದಲ್ಲಿ ನಮ್ಮಲ್ಲಿ ಸುಮಾರು ಇಬ್ಬರಿದ್ದಾರೆ. ಆದರೆ ಪರಿಷತ್ತಿನ ದಾಖಲೆಯಲ್ಲಿ ನೋಂದಾಯಿತರು 33 ಲಕ್ಷಕ್ಕೂ ಹೆಚ್ಚು. ಓದಿದವರು ಒಂದು ಕಡೆ, ಮಂಜೂರಾಗದ ಹುದ್ದೆಗಳು ಇನ್ನೊಂದು ಕಡೆ, ಮೂವರ ಕೆಲಸವನ್ನು ಒಬ್ಬಳಿಂದ ತೆಗೆಸುವ ಆಸ್ಪತ್ರೆಗಳು ಮತ್ತೊಂದು ಕಡೆ. ಮೂವರ ಜಾಗದಲ್ಲಿ ಒಬ್ಬಳನ್ನಿಟ್ಟವರನ್ನು ಬಿಟ್ಟು, ಆ ಒಬ್ಬಳನ್ನೇ ಕೊರತೆಗೆ ಹೊಣೆ ಮಾಡುವುದು ಯಾವ ನ್ಯಾಯ? ಇಲ್ಲಿ ಓದಿ ಅಮೆರಿಕಕ್ಕೆ ಹೋದ ಎಂಜಿನಿಯರುಗಳ ತಂದೆತಾಯಿಗಳು ನಮ್ಮ ಸಂಘದಲ್ಲಿ ಎಷ್ಟೋ ಜನರಿದ್ದಾರೆ. ಅವರ ಮಕ್ಕಳು ದೇಶಕ್ಕೆ ದ್ರೋಹ ಮಾಡಿದರೆಂದು ಕಾಫಿಯ ಹೊತ್ತಿನಲ್ಲಿ ಯಾರೂ ನಕ್ಕದ್ದನ್ನು ನಾನು ಕಂಡಿಲ್ಲ. ಅವರು ರಜೆಗೆ ಬಂದಾಗ ಸಂಘದಲ್ಲಿ ಸನ್ಮಾನ ಮಾಡುತ್ತೇವೆ, ಹೋಗುವಾಗ ಕಟ್ಟಡ ನಿಧಿಗೆ ಚಂದಾ ಕೇಳುತ್ತೇವೆ.

ಮೂರನೆಯ ಆಕ್ಷೇಪಣೆಯನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ, ಪಿಸುಮಾತಿನಲ್ಲಿ ಆಡುತ್ತಾರೆ. "ಹೆಣ್ಣುಹುಡುಗಿ, ರಾತ್ರಿ ಡ್ಯೂಟಿ, ಗಂಡಸರ ವಾರ್ಡು, ಈಗ ಪರದೇಶ. ಮದುವೆಯ ಗತಿ?" ಒಂದು ಸಂಬಂಧದವರು ನಮ್ಮ ಮನೆಗೇ ಬಂದು, ಉಪ್ಪಿಟ್ಟು ತಿಂದು, "ಮದುವೆ ಆದ್ಮೇಲೆ ಈ ಕೆಲಸ ಬಿಡ್ತಾಳೆ ತಾನೆ?" ಎಂದು ಕೇಳಿದರು. ಅದೇ ಜನರಿಗೆ, ನಮ್ಮ ಬೀದಿಯ ಇನ್ನೂ ಹತ್ತು ಮನೆಗಳವರಿಗೆ, ರಾತ್ರಿ ಹತ್ತಕ್ಕೆ ಅಜ್ಜನಿಗೆ ಇಂಜೆಕ್ಷನ್ ಹಾಕಲು, ಸಕ್ಕರೆ ಕಾಯಿಲೆಯ ಕಾಲಿನ ಗಾಯಕ್ಕೆ ಕಟ್ಟು ಕಟ್ಟಲು, "ನಿಮ್ಮ ಆಸ್ಪತ್ರೆಯಲ್ಲಿ ಒಂದು ಬೆಡ್ ಹೇಳಮ್ಮ" ಎನ್ನಲು ಇವಳು ಬೇಕಾಗಿತ್ತು. ನಿದ್ದೆಗಣ್ಣಿನಲ್ಲೇ ಎದ್ದು ಹೋಗುತ್ತಿದ್ದಳು, ಒಂದು ರೂಪಾಯಿ ಮುಟ್ಟಿಲ್ಲ. ಅವಳ ಕೈ ನಮಗೆ ಬೇಕು, ಆ ಕೈಯನ್ನು ಹಿಡಿಯುವುದು ಬೇಡ!

ಶಾಲು ಹೊದಿಸಿದ ದಿನ ವೇದಿಕೆಯ ಮೇಲೆ ಒಂದು ಪಟಕ್ಕೆ ಹಾರ ಹಾಕಿದ್ದೆವು, ಫ್ಲಾರೆನ್ಸ್ ನೈಟಿಂಗೇಲಳದು. ಆಕೆಯ ಕಥೆಯನ್ನು ಭಾಷಣ ಮಾಡಿದವರಾದರೂ ಪೂರ್ತಿ ಹೇಳಬೇಕಾಗಿತ್ತು. 1820ರ ಮೇ 12ರಂದು ಶ್ರೀಮಂತರ ಮನೆಯಲ್ಲಿ ಹುಟ್ಟಿದವಳು. ದಾದಿಯಾಗುತ್ತೇನೆಂದಾಗ ತಾಯಿಗೂ ಅಕ್ಕನಿಗೂ ಸಿಟ್ಟು, ಕಣ್ಣೀರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತಿಗೆ ಹೋಗಿ ಕೆಲವು ತಿಂಗಳು ಕೆಲಸ ಕಲಿತಳು. 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಅಲ್ಲಿ ಒಂದು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ ಅನುಭವ ಪಡೆದು, 1854ರ ಅಕ್ಟೋಬರಿನಲ್ಲಿ 38 ಹೆಂಗಸರ ತಂಡ ಕಟ್ಟಿಕೊಂಡು ತುರ್ಕಿಯ ಸ್ಕುಟಾರಿಗೆ ಹೊರಟೇಬಿಟ್ಟಳು. ಆಗ ಆಕೆಗೆ 34 ವರ್ಷ, ಮದುವೆಯಾಗಿರಲಿಲ್ಲ. ಹಾರ್ಲಿ ಸ್ಟ್ರೀಟಿನಲ್ಲಿ ನಮ್ಮ ಸಂಘ ಇದ್ದಿದ್ದರೆ ಕಾಫಿ ಕುಡಿಯುತ್ತ ಏನೆನ್ನುತ್ತಿತ್ತು ಎಂಬುದನ್ನು ಓದುಗರೇ ಊಹಿಸಲಿ.

ಇಷ್ಟು ಹೇಳಿದ ಮಾತ್ರಕ್ಕೆ ಹೊರದೇಶವೆಂದರೆ ಬಂಗಾರದ ಗಣಿ ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಕ್ಕಿಬಿದ್ದ 46 ಭಾರತೀಯ ನರ್ಸುಗಳು ಜುಲೈ ತಿಂಗಳಲ್ಲಿ ಕೊಚ್ಚಿಗೆ ಬಂದಿಳಿದದ್ದು ಎಲ್ಲರಿಗೂ ನೆನಪಿರಬಹುದು. ಅವರಲ್ಲಿ ಹೆಚ್ಚಿನವರು ಕೇರಳದವರು. ಸಾಲ ಮಾಡಿ ಹೋದವರಿಗೆ ಜೀವದ ಭಯಕ್ಕಿಂತ ಸಾಲದ ಭಯವೇ ದೊಡ್ಡದಾಗುತ್ತದೆ ಎಂಬುದನ್ನು ಅಂದು ಕಂಡೆವು. ಸುಳ್ಳು ಹೇಳಿ ಲಕ್ಷಗಟ್ಟಲೆ ಸುಲಿಯುವ ಏಜೆಂಟರಿದ್ದಾರೆ. ಅಕ್ಕ ಫೋನಿನಲ್ಲಿ ಅತ್ತದ್ದು ಸುಮ್ಮನೆ ಅಲ್ಲ. ಆದರೆ ಭಯಕ್ಕೆ ಮದ್ದು ವಿಚಾರಿಸಿ ತಿಳಿಯುವುದು. ಬಾಗಿಲು ಹಾಕುವುದು ಮದ್ದಲ್ಲ.

ವಿಚಾರಿಸಿದವನಾಗಿ ಹೇಳುತ್ತೇನೆ. 2015ರಲ್ಲಿ ಕೇಂದ್ರ ಸರ್ಕಾರ, ಗಲ್ಫ್ ದೇಶಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿಯನ್ನು ಕಡ್ಡಾಯ ಮಾಡಿ, ನೇಮಕದ ಕೆಲಸವನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ಕೇರಳದ ನೋರ್ಕಾ, ಒಡೆಪೆಕ್ ಸಂಸ್ಥೆಗಳ ಜೊತೆ ನಮ್ಮ ಪಕ್ಕದಲ್ಲೇ ಇರುವ ತಮಿಳುನಾಡು ಸರ್ಕಾರದ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಷನ್ನೂ ಅದರಲ್ಲಿ ಸೇರಿತ್ತು. 1978ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಇರುವುದು ಗಿಂಡಿಯಲ್ಲಿ. ಮಾಂಬಲದಲ್ಲಿ ಲೋಕಲ್ ರೈಲು ಹತ್ತಿದರೆ ಸೈದಾಪೇಟೆ ದಾಟಿ ಮುಂದಿನ ನಿಲ್ದಾಣ. ನೋಂದಾಯಿತ ಖಾಸಗಿ ಏಜೆಂಟರು ತೆಗೆದುಕೊಳ್ಳುವ ಸೇವಾಶುಲ್ಕಕ್ಕೆ ವಲಸೆ ನಿಯಮಗಳು 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಯ ಮಿತಿ ಹಾಕಿವೆ. ಅದಕ್ಕಿಂತ ಹೆಚ್ಚು ಕೇಳಿದವನ ಬಾಗಿಲಿನಿಂದ ಹಿಂದಿರುಗಿ ಬರಬೇಕು. ಇಷ್ಟು ವಿಷಯ ತಿಳಿಯಲು ನನಗೆ ಬೇಕಾದದ್ದು ಒಂದು ಅರ್ಧ ದಿನದ ರಜೆ. ಇಪ್ಪತ್ತು ವರ್ಷ ಈ ನಗರದಲ್ಲಿದ್ದು ಆ ಅರ್ಧ ದಿನವನ್ನು ನಾನು ಯಾವ ಹುಡುಗಿಗಾಗಿಯೂ ಕಳೆದಿರಲಿಲ್ಲ.

ಈಗ ನನ್ನ ತಪ್ಪಿನ ಮಾತು. ಅವಳು ಮೊದಲ ಸಲ ಸೌದಿಯ ಮಾತೆತ್ತಿದಾಗ ನಾನು ರೇಗಿದೆ. "ಇನ್ನೆರಡು ವರ್ಷ ಸುಮ್ನಿರು" ಎಂದೆ. ಪಾಸ್‌ಪೋರ್ಟು ಬಂದ ದಿನ ಅದನ್ನು "ಜೋಪಾನವಾಗಿರಲಿ" ಎಂದು ಹೇಳಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಆಫೀಸಿಗೆ ಕೊಂಡೊಯ್ಯುತ್ತಿದ್ದೆ. ನಾಲ್ಕು ತಿಂಗಳು ಅದು ಅಲ್ಲೇ ಇತ್ತು. ಆ ನಡುವೆ ಸಂದರ್ಶನದ ಒಂದು ಅವಕಾಶ ತಪ್ಪಿತು. ಆಸ್ಪತ್ರೆಯಿಂದ ಪತ್ರಗಳನ್ನು ಬಿಡಿಸಿಕೊಂಡು ಬಂದ ಸಂಜೆ ನಾನು ವೀರಾವೇಶದಿಂದ ಬಾಂಡ್ ಪದ್ಧತಿಯನ್ನು ಬೈಯುತ್ತಿದ್ದೆ. ಅವಳು ತಲೆ ತಗ್ಗಿಸಿಯೇ ಕೇಳಿದಳು: "ಮಾಮ, ನೀವೂ ನನ್ನ ಹತ್ರ ಬಾಂಡ್ ಬರೆಸ್ಕೊಂಡಿದ್ರಾ?"

ನನ್ನಾಕೆ ಅಡಿಗೆಮನೆಯಿಂದ ಬಂದು, ನನ್ನ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದು, ಬೀರು ತೆರೆದು ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟಳು. ನಾನು ಮಾತಾಡಲಿಲ್ಲ. ಆಸ್ಪತ್ರೆಯ ಬೀರುವಿಗೂ ನನ್ನ ಬೀರುವಿಗೂ ಇದ್ದ ವ್ಯತ್ಯಾಸ ಒಂದೇ: ಅಲ್ಲಿ ಛಾಪಾ ಕಾಗದವಾದರೂ ಇತ್ತು.

ಇದಾದ ಮೇಲೂ ಮೇ 12ರಂದು ನಾನು ಆ ಮಾತಿಗೆ ನಕ್ಕೆ. ಹತ್ತು ಜನ ನಕ್ಕಾಗ ನಗುವುದು ಅಷ್ಟು ಸುಲಭ. ಅದಕ್ಕಾಗಿಯೇ ಈ ಬರಹ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟು. ಮುಂದಿನ ವರ್ಷ ಶಾಲು ಬೇಡ, ಫಲತಾಂಬೂಲವೂ ಬೇಡ. ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ನಮ್ಮಲ್ಲಿ ನಿವೃತ್ತ ಗುಮಾಸ್ತರು, ವಕೀಲರು, ಬ್ಯಾಂಕಿನವರು ಬೇಕಾದಷ್ಟಿದ್ದಾರೆ. ಕರ್ನಾಟಕದಿಂದ ಬಂದ ಹುಡುಗಿಗೆ ನೋಂದಣಿ ವರ್ಗಾವಣೆಯ ಅರ್ಜಿ ತುಂಬಿಕೊಡೋಣ. ಕೆಲಸಕ್ಕೆ ಸೇರುವ ಮೊದಲೇ ಬಾಂಡಿನ ಕಾಗದವನ್ನು ಓದಿ ಹೇಳೋಣ, ಮೂಲಪ್ರತಿ ಕೊಡಬೇಡವೆಂದು ಎಚ್ಚರಿಸೋಣ. ತಡೆಹಿಡಿದ ಪತ್ರಗಳಿಗಾಗಿ ಸಂಘದ ಮೊಹರಿನ ಕೆಳಗೆ ಪತ್ರ ಬರೆಯೋಣ. ಏಜೆಂಟನ ನೋಂದಣಿ ಇದೆಯೇ ಎಂದು ನೋಡಿಕೊಡೋಣ. ಹೊರಗೆ ಹೋಗಿ ಬಂದ ಹಿರಿಯ ನರ್ಸುಗಳನ್ನು ಕರೆದು ಹೊಸಬರಿಗೆ ನಾಲ್ಕು ಮಾತು ಹೇಳಿಸೋಣ. ಖರ್ಚು ಕಾಫಿಯದು ಮಾತ್ರ. ಮೊದಲ ಭಾನುವಾರದಿಂದಲೇ ಆ ಮೇಜಿನ ಹಿಂದೆ ಕೂರಲು ನಾನು ಸಿದ್ಧ.

ತಂದೆತಾಯಿಗಳಿಗೂ ಒಂದು ಮಾತು. ಮಗಳ ಪಾಸ್‌ಪೋರ್ಟು, ಪದವಿಪತ್ರ, ಬ್ಯಾಂಕಿನ ಪುಸ್ತಕ, ಇವು ಅವಳ ಪೆಟ್ಟಿಗೆಯಲ್ಲಿರಲಿ. ಹೋಗುವುದೋ ಬಿಡುವುದೋ ಅವಳೇ ಯೋಚಿಸಿ ನಿರ್ಧರಿಸಲಿ. ಇಲ್ಲೇ ಉಳಿಯುತ್ತೇನೆಂದರೆ ಅದೂ ಗೌರವದ ಮಾತೇ. ಉಳಿದವಳ ಸಂಬಳಕ್ಕಾಗಿ ದನಿಯೆತ್ತುವುದೂ ನಮ್ಮದೇ ಕೆಲಸ.

ನಮ್ಮ ಹುಡುಗಿಗೆ ಸೌದಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಖಚಿತವಾಗಿದೆ, ವೀಸಾ ಬಂದಿದೆ. ಮುಂದಿನ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಅವಳು ಹೊರಟಿರುತ್ತಾಳೆ. ಮೀನಂಬಾಕ್ಕದ ವಿಮಾನ ನಿಲ್ದಾಣಕ್ಕೆ ಅಕ್ಕ, ಭಾವ, ನಾವಿಬ್ಬರು ಹೋಗುತ್ತೇವೆ. ಇಪ್ಪತ್ತು ವರ್ಷದ ಹಿಂದೆ ನನಗೆ ಹಾಕಿದಂಥ ಹಾರ ಒಂದನ್ನು ಪಾಂಡಿ ಬಜಾರಿನಲ್ಲಿ ಹೇಳಿಟ್ಟಿದ್ದೇನೆ. ಏಣಿಯ ಮಾತಾಡಿದ ಹಿರಿಯರು ಬಂದು ಅದನ್ನು ಅವಳ ಕೊರಳಿಗೆ ಹಾಕಿದರೆ ನನಗೆ ಬಹಳ ಸಂತೋಷವಾಗುತ್ತದೆ. ಇದನ್ನು ವ್ಯಂಗ್ಯವಾಗಿ ಬರೆಯುತ್ತಿಲ್ಲ. ನನ್ನ ಮಾತುಗಳಿಗೆ ಒಪ್ಪಿಗೆಯಿಲ್ಲದವರು ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ಬರೆಯಲಿ. ಆದರೆ ಬರೆಯುವ ಮುನ್ನ ತಮ್ಮ ಬೀರುವನ್ನೊಮ್ಮೆ ತೆರೆದು ನೋಡಿಕೊಳ್ಳಲಿ.